ಶನಿವಾರಕ್ಕೆ ಬಂದ ತಿಥಿ

ಅವರು ನಿವೃತ್ತರಾಗಿ ನೈರೋಬಿಯಿಂದ ಬೆಂಗಳೂರಿಗೆ ಹೊರಟಾಗ ಇಲ್ಲಿನ ಕನ್ನಡ ಕೂಟದವರು ನನ್ನಿಂದ ಎರಡು ಪುಟ ಕೇಳಿದರು. ಬೀಳ್ಕೊಡುಗೆಯ ದಿನ ಪುಟ್ಟದೊಂದು ಸಂಚಿಕೆ ತರುತ್ತಾರಂತೆ. ನಾನು ಅವರ ಕೈಕೆಳಗೆ ಬಹಳ ಕಾಲ ಇದ್ದವನು, ಒಂದಿಷ್ಟು ಬರೆಯಲೂ ಬರುತ್ತದೆ, ಹಾಗಾಗಿ ನಾನೇ ಸರಿ ಎಂದು ತೀರ್ಮಾನವಾಗಿತ್ತು. "ಅವರ ಕೊರಿಯಾ ನಾಲೆಡ್ಜ್ ಬಗ್ಗೆ ಒಂದು ಪ್ಯಾರಾ ಇರ್ಲಿ ಸರ್, ಅದೇ ಅವರ ಸ್ಪೆಷಾಲಿಟಿ" ಎಂದು ಕಾರ್ಯದರ್ಶಿ ಫೋನಿನಲ್ಲಿ ಎರಡೆರಡು ಸಲ ನೆನಪಿಸಿದರು. ಬರೆದುಕೊಟ್ಟೆ. ಜ್ಞಾನದಾಹ, ಸರಳತೆ, ಅತಿಥಿಸತ್ಕಾರ ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಅಚ್ಚಾಗಿ ಬಂದ ಮೇಲೆ ಓದಿದರೆ ಹೊಟ್ಟೆಯಿಂದ ಹುಳಿ ಎದ್ದು ಗಂಟಲಿಗೆ ಬಂತು. ಹುಳಿ ಏಳುವುದು ನನಗೆ ಹೊಸತೇನಲ್ಲ. ಆದರೆ ಈ ಸಲದ್ದು ಮಾತ್ರೆಗೆ ಇಳಿಯಲಿಲ್ಲ. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಚಿಂತೆಯನ್ನು ಉಪಕಸುಬಾಗಿ ಇಟ್ಟುಕೊಂಡವನು. ಗೀಸರ್ ಸಿಡಿದೀತೆಂದು ನೈರೋಬಿಯ ಜುಲೈ ಚಳಿಯಲ್ಲೂ ಅದನ್ನು ಆರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಗಡಗಡ ನಡುಗುತ್ತ ಸ್ನಾನ ಮುಗಿಸುತ್ತೇನೆ. ಹೈರಿಡ್ಜ್‌ನ ನಮ್ಮ ಫ್ಲಾಟಿನ ಬಾಗಿಲಿಗೆ ಬೀಗ ಹಾಕಿದ ಮೇಲೆ ಲಿಫ್ಟಿನಿಂದ ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುತ್ತೇನೆ. ಇಂಥವನ ವರ್ಕ್ ಪರ್ಮಿಟ್ಟಿನ ಶಿಫಾರಸು ಪತ್ರಕ್ಕೆ ಸಹಿ ಹಾಕುವ ಕೈ ಅವರದಾಗಿತ್ತು. ನಮ್ಮ ಟೆಲಿಕಾಂ ಕಂಪನಿಯ ಇಲ್ಲಿನ ಆಫೀಸಿಗೆ ಅವರೇ ಯಜಮಾನರು. ಹಾಗಾಗಿ ಅವರ ಬಗ್ಗೆ ನನಗೆ ಹೇಸಿಗೆ ಹುಟ್ಟಿದಾಗಲೆಲ್ಲ ನಾನು ಅದನ್ನು ನುಂಗಿದ್ದೇನೆ. ಹುಳಿಗೆ ಅದೂ ಒಂದು ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ವೈದ್ಯರು ಕಾಫಿ ಎನ್ನುತ್ತಾರೆ.

ಅವರ ಕೊರಿಯಾ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು. ನಲವತ್ತರ ಆಸುಪಾಸಿನಲ್ಲಿ ಅವರನ್ನು ಕಂಪನಿ ಯಾವುದೋ ತರಬೇತಿಗೆಂದು ಸೋಲ್ ನಗರಕ್ಕೆ ಕಳಿಸಿತ್ತು. ಇದ್ದದ್ದು ಒಂದೆರಡು ವಾರ, ಅದರಲ್ಲಿ ಅರ್ಧ ಹೋಟೆಲಿನ ನೆಲಮಾಳಿಗೆಯ ಸಭಾಂಗಣದಲ್ಲಿ. ಒಂದು ಭಾನುವಾರ ಬಸ್ಸಿನಲ್ಲಿ ಕರೆದೊಯ್ದು ಒಂದು ಅರಮನೆ, ಒಂದು ಮ್ಯೂಸಿಯಂ ತೋರಿಸಿದ್ದರು. ಮುಂದಿನ ಇಪ್ಪತ್ತು ವರ್ಷ ಆ ಭಾನುವಾರವನ್ನೇ ಅವರು ಹಿಂಜಿ ಹಿಂಜಿ ನೂಲು ತೆಗೆದರು. ಸಾಲದ್ದಕ್ಕೆ ಹೆಂಡತಿ ನೋಡುವ ಕೊರಿಯನ್ ಸೀರಿಯಲ್ಲುಗಳು. ಪೇಪರ್ ಓದುವವರಂತೆ ಹಿಂದೆ ಕೂತು ಕನ್ನಡಕದ ಮೇಲಿಂದ ಅವನ್ನೆಲ್ಲ ನೋಡಿ, ಮಾರನೆಯ ದಿನ ಆಫೀಸಿನಲ್ಲಿ ಇತಿಹಾಸವೆಂದು ಬಡಿಸುತ್ತಿದ್ದರು. ಅಷ್ಟೂ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಅವರು ಹೇಳಿದ್ದು ಮುಕ್ಕಾಲು ಪಾಲು ನಿಜವೇ ಇರುತ್ತಿತ್ತು. ಆ ನಿಜಗಳನ್ನು ಅವರು ಎಲ್ಲಿ ಬಳಸುತ್ತಿದ್ದರು ಎನ್ನುವುದೇ ನನಗೆ ವಾಕರಿಕೆ ತರಿಸುತ್ತಿದ್ದದ್ದು.

ಕೊರಿಯಾದಲ್ಲಿ ಯಾರೇನು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಒಂದು ಕೈ ಚಾಚುವುದು ಅವಮಾನ ಎಂದು ನಮಗೆಲ್ಲ ಪಾಠ ಹೇಳಿ ರೂಢಿ ಮಾಡಿಸಿದ್ದರು. ವಿಶ್ವಸಂಸ್ಥೆಯ ಕಚೇರಿಯಿರುವ ಗಿಗಿರಿಯ ಕಡೆಯಿಂದ ಯಾರಾದರೂ ಅಧಿಕಾರಿಗಳು ಬಂದು ವಿಸಿಟಿಂಗ್ ಕಾರ್ಡು ಕೊಟ್ಟರೆ ಇವರು ಸೊಂಟ ಬಗ್ಗಿಸಿ ಎರಡೂ ಕೈಯಲ್ಲಿ ತೆಗೆದುಕೊಂಡು, ಹೆಸರನ್ನು ನಿಧಾನವಾಗಿ ಓದಿ, ಪ್ರಸಾದದ ಹಾಗೆ ಮೇಜಿನ ಮೇಲೆ ತಮ್ಮ ಮುಂದೆ ಇಟ್ಟುಕೊಳ್ಳುವರು. ಬಂದವರಿಗೆ ಎದೆ ತುಂಬಿ ಬರುತ್ತಿತ್ತು. ಆಮೇಲೆ ಚಹಾ, ಸಮೋಸ. ಸಮೋಸ ಮುಗಿದ ಮೇಲೆ, ಬಂದವರು ಇನ್ನೂ ಎದುರಿಗೆ ಕೂತು ಮಾತಾಡುತ್ತಿರುವಾಗಲೇ, ಅದೇ ಕಾರ್ಡಿನ ಮೂಲೆಯಿಂದ ಹಲ್ಲಿನ ಸಂದಿ ಕೆದಕುತ್ತಿದ್ದರು. ಒಳ್ಳೆಯ ದಪ್ಪ ಕಾಗದದ ಕಾರ್ಡಾದರೆ ಅವರಿಗೆ ವಿಶೇಷ ಪ್ರೀತಿ. ಸಿಕ್ಕಿದ್ದನ್ನು ನೋಡಿ, ಕಾರ್ಡನ್ನು ಪ್ಯಾಂಟಿಗೆ ಒರೆಸಿ, ಡ್ರಾಯರಿಗೆ ಹಾಕುವರು. ಒಮ್ಮೆ ಇದನ್ನೆಲ್ಲ ನೋಡಿದ ಯುರೋಪಿನ ಹೆಂಗಸೊಬ್ಬರು ನನ್ನ ಕಡೆ ತಿರುಗಿದರು. ನಾನು ಕಿಟಕಿಯಾಚೆ ಓಡುವ ಮಟಾಟು ವ್ಯಾನುಗಳನ್ನು ಎಣಿಸುವವನಂತೆ ಕೂತೆ.

ಕಿಮ್ಚಿಯ ವಿಷಯ ಇನ್ನೊಂದು. ಅದು ಎಲೆಕೋಸನ್ನು ಮೆಣಸಿನಪುಡಿಯಲ್ಲಿ ಹುಳಿ ಬರಿಸಿ ಮಾಡುವ ಕೊರಿಯಾದ ಉಪ್ಪಿನಕಾಯಿ. ಇವರು ಬೆಳ್ಳುಳ್ಳಿ, ಈರುಳ್ಳಿ, ಮೀನು ಯಾವುದನ್ನೂ ಮುಟ್ಟದವರಾದ್ದರಿಂದ ಅವನ್ನೆಲ್ಲ ಬಿಟ್ಟು ಇಂಗು ಹಾಕಿ ತಮ್ಮದೇ ಒಂದು ತಯಾರಿಸಿದ್ದರು. "ಅಲ್ಲಿನ ಬೌದ್ಧ ಸನ್ಯಾಸಿಗಳೂ ಬೆಳ್ಳುಳ್ಳಿ ತಿನ್ನಲ್ಲಪ್ಪ, ಇದೇ ಒರಿಜಿನಲ್ಲು" ಎನ್ನುತ್ತಿದ್ದರು. ಸನ್ಯಾಸಿಗಳ ಮಾತು ನಿಜವಂತೆ. ಆದರೆ ಆ ಸನ್ಯಾಸಿಗಳಲ್ಲಿ ಯಾರೂ ಅದನ್ನು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಆಫೀಸಿನ ಫ್ರಿಜ್ಜಿನಲ್ಲಿ ನನ್ನ ಮೊಸರನ್ನದ ಪಕ್ಕ ಇಡಲಾರರು. ಮುಚ್ಚಳ ತೆಗೆದರೆ ಮಹಡಿಯಿಡೀ ಗೊತ್ತಾಗುತ್ತಿತ್ತು. ಬೆರಳಿನಲ್ಲೇ ತೆಗೆದು ಬಾಯಿಗಿಟ್ಟು, ಅದೇ ಬೆರಳಿನಿಂದ ಇನ್ನೊಬ್ಬರ ತಟ್ಟೆಗೆ ಹಾಕುವರು. ನನ್ನ ತಟ್ಟೆಗೂ ಬಿದ್ದಿದೆ. ತಿಂದಿದ್ದೇನೆ. ಪರ್ಮಿಟ್ಟಿನ ವರ್ಷ ಅದು.

ಮನುಷ್ಯರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯಬಾರದು, ಅದು ಸತ್ತವರಿಗೆ ಎನ್ನುವುದು ಅವರ ಕೊರಿಯಾದ ಮತ್ತೊಂದು ಪಾಠ. ಹೊಸದಾಗಿ ಸೇರಿದ್ದ ಇಲ್ಲಿನ ಹುಡುಗಿಯೊಬ್ಬಳು ಒಂದು ಬೆಳಿಗ್ಗೆ ಬಿಳಿ ಬೋರ್ಡಿನ ಮೇಲೆ ಡ್ಯೂಟಿಯ ಹೆಸರುಗಳನ್ನು ಕೆಂಪು ಮಾರ್ಕರಿನಲ್ಲಿ ಬರೆದಾಗ ಅವಳ ಕೈಯಿಂದ ಅದನ್ನು ಕಿತ್ತುಕೊಂಡು ಕಾಫಿ ಆರುವವರೆಗೂ ಉಪನ್ಯಾಸ ಕೊಟ್ಟರು. ಇತರರ ನಂಬಿಕೆಯನ್ನು ಗೌರವಿಸಬೇಕು ಎಂಬುದು ಉಪನ್ಯಾಸದ ಸಾರ. ಕೆಲವು ತಿಂಗಳ ಮೇಲೆ ಕಂಪನಿ ಕೆಲವರನ್ನು ಮನೆಗೆ ಕಳಿಸಬೇಕಾಗಿ ಬಂತು. ಅದೇ ಬೋರ್ಡಿನ ಮೇಲೆ ಇವರು ಹೋಗಬೇಕಾದವರ ಹೆಸರು ಬರೆದರು, ಡ್ರಾಯರಿನಿಂದ ಆ ಕೆಂಪು ಮಾರ್ಕರನ್ನೇ ಹುಡುಕಿ ತೆಗೆದು. ನನ್ನ ಕಡೆ ತಿರುಗಿ, "ಈಗ ಕರೆಕ್ಟ್ ಕಲರ್ ಅಲ್ಲವೇನಪ್ಪಾ" ಎಂದು ನಕ್ಕರು. ಆ ಹುಡುಗಿಯ ಹೆಸರೂ ಅದರಲ್ಲಿತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು.

ಇನ್ನು ರಾಜಕುಮಾರಿಯ ಕಥೆ. ಬಹಳ ಹಿಂದೆ ಅಯೋಧ್ಯೆಯಿಂದ ಒಬ್ಬ ರಾಜಕುಮಾರಿ ಹಡಗು ಹತ್ತಿ ಹೋಗಿ ಕೊರಿಯಾದ ಒಬ್ಬ ರಾಜನನ್ನು ಮದುವೆಯಾದಳು ಎಂಬ ಐತಿಹ್ಯ ಅಲ್ಲಿ ಇದೆಯಂತೆ. ಅವಳ ಸಂತತಿ ಎಂದು ಹೇಳಿಕೊಳ್ಳುವ ಲಕ್ಷಾಂತರ ಜನ ಇದ್ದಾರಂತೆ. ಕೂಟದ ಯಾವ ಸಭೆಯಲ್ಲಾದರೂ ಸರಿ, ಸಂಕ್ರಾಂತಿಯ ಎಳ್ಳಿನ ನಡುವೆ ಕೂಡ, ಇವರು ಆ ರಾಜಕುಮಾರಿಯನ್ನು ಹಡಗು ಹತ್ತಿಸದೆ ಮೈಕು ಬಿಡುತ್ತಿರಲಿಲ್ಲ. "ಹೆಣ್ಣು ಕೊಟ್ಟವರು ನಾವು" ಎಂದು ಎದೆ ಮುಟ್ಟಿಕೊಳ್ಳುವರು. ನನ್ನ ಹೆಂಡತಿ ಒಂದು ಸಲ ನನ್ನ ಕಿವಿಯಲ್ಲಿ, "ಹೆಣ್ಣು ಕೊಟ್ಟೋರು ಬೀಗರ ಮುಂದೆ ಕೈಕಟ್ಟಿ ನಿಂತ್ಕೋಬೇಕು ಕಣ್ರೀ. ಇವರು ಆ ಪಾಪದವನ ತಲೆ ಮೇಲೆ ಕೂತಿದಾರಲ್ಲ" ಅಂದಳು.

ಆ ಪಾಪದವನೇ ಕ್ವಾನ್. ಹಳೆಯ ಉಪಕರಣ ತೆಗೆದು ಹೊಸದನ್ನು ಕೂಡಿಸುವ ಕೆಲಸಕ್ಕೆ ನಮ್ಮ ಕಂಪನಿ ಗುತ್ತಿಗೆಯ ಮೇಲೆ ಕರೆಸಿಕೊಂಡಿದ್ದ ಕೊರಿಯಾದ ಎಂಜಿನಿಯರ್. ನಲವತ್ತಕ್ಕೆ ಹತ್ತಿರದ ಮನುಷ್ಯ, ಒಂಟಿ, ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು. ಊರಿನಲ್ಲಿ ಹಿರಿಯರ ಮುಂದೆ ಬಗ್ಗಿ ಬಗ್ಗಿ ಸಾಕಾಗಿ, ಯಾರಿಗೂ ಬಗ್ಗಬೇಕಿಲ್ಲದ ಜಾಗ ಹುಡುಕಿಕೊಂಡು ಆಫ್ರಿಕಾಕ್ಕೆ ಬಂದೆ ಎಂದು ನನ್ನ ಹತ್ತಿರ ಒಂದು ಸಲ ಹೇಳಿದ್ದ. ಬಂದು ಬಿದ್ದದ್ದು ಇವರ ಕೈಗೆ. ಕೊರಿಯಾದಲ್ಲಿ ಮೇಲಧಿಕಾರಿ ಏಳುವವರೆಗೆ ಕಿರಿಯರು ಮನೆಗೆ ಹೋಗುವುದಿಲ್ಲ ಎಂದು ಅವನನ್ನು ಸಂಜೆಯೆಲ್ಲ ಕೂರಿಸಿ ಇವರು ತಮ್ಮ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ನಾವು ಉಳಿದವರು ಐದೂವರೆಗೆ ಹೊರಡಬಹುದಿತ್ತು, ನಮ್ಮ ಸಂಸ್ಕೃತಿಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ಒಂದು ಭಾನುವಾರ ಕ್ವಾನ್ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಅವನ ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು. ಮೊದಲ ವರ್ಷದ ದಿನ ಹತ್ತಿರ ಬರುತ್ತಿತ್ತು, ಒಬ್ಬನೇ ಮಗ, ಅಂದು ತಾಯಿಯ ಪಕ್ಕದಲ್ಲಿ ನಿಂತು ಎಡೆಯಿಡಬೇಕು. ತಾರೀಕು ಯಾವುದು ಎಂದು ನನ್ನ ಹೆಂಡತಿ ಕೇಳಿದಳು. ಇಂಗ್ಲಿಷ್ ತಾರೀಕಿನ ಲೆಕ್ಕವಲ್ಲ, ಚಂದ್ರನ ಲೆಕ್ಕ, ಪ್ರತಿವರ್ಷ ಬದಲಾಗುತ್ತದೆ ಎಂದು ಅವನು ವಿವರಿಸಲು ಒದ್ದಾಡಿದ. ವಿವರಿಸಬೇಕಾಗಿಯೇ ಇರಲಿಲ್ಲ. ಆಮೇಲೆ ಅಡುಗೆಯ ಮಾತು ಬಂತು. ಆ ದಿನದ ಅಡುಗೆಗೆ ಕೆಂಪು ಮೆಣಸಿನಕಾಯಿ ಹಾಕುವುದಿಲ್ಲ, ಬೆಳ್ಳುಳ್ಳಿ ಇಲ್ಲ, ಹಣ್ಣುಗಳಲ್ಲಿ ಪೀಚ್ ಇಡುವುದಿಲ್ಲ, ಇಟ್ಟರೆ ಹಿರಿಯರು ಹೊಸ್ತಿಲಿನಿಂದಲೇ ಹಿಂದೆ ಹೋಗುತ್ತಾರಂತೆ. ನನ್ನ ಹೆಂಡತಿ ಸೌಟು ಹಿಡಿದವಳು ಹಾಗೇ ನಿಂತಳು. ನಮ್ಮ ಮನೆಯಲ್ಲೂ ತಿಥಿಗೆ ಮೆಣಸಿನಕಾಯಿ ಇಲ್ಲ, ಬರೀ ಕಾಳುಮೆಣಸು, ಎಂದಳು. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾವ ರಾಜಕುಮಾರಿಯೂ ಹಡಗು ಹತ್ತದೆ ಅಲ್ಲೊಂದು ಸಂಬಂಧ ಕುದುರಿತ್ತು.

ರಜೆ ಕೇಳಲು ಅವನು ಅವರ ಕೋಣೆಗೆ ಹೋದಾಗ ನನ್ನನ್ನೂ ಒಳಗೆ ಕರೆಸಿದರು. ಸಭಿಕರಿಲ್ಲದೆ ಅವರಿಗೆ ಮಾತು ಬರುತ್ತಿರಲಿಲ್ಲ. ಆ ದಿನ ಬುಧವಾರ ಬೀಳುತ್ತದೆ, ಒಂದು ವಾರ ಕೊಡಿ ಸಾಕು ಎಂದು ಕ್ವಾನ್ ಕೇಳಿದ. ಆ ವಾರ ಕೆಲಸವೂ ಇರಲಿಲ್ಲ. ಸಾಮಾನೆಲ್ಲ ಮೊಂಬಾಸಾ ಬಂದರಿನಲ್ಲಿ ಕೂತಿತ್ತು, ನಾನು ಅದನ್ನೂ ಹೇಳಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಇತಿಹಾಸಕ್ಕೆ ಇಳಿದರು. ಕೊರಿಯಾದ ನರ್ಸುಗಳು ಹಿಂದೆ ಜರ್ಮನಿಗೆ ಹೋಗಿ ಹೆಣ ತೊಳೆದರು, ಅಲ್ಲಿನ ಗಂಡಸರು ಗಣಿಗಿಳಿದರು, ಯಾರಾದರೂ ಅಪ್ಪನ ತಿಥಿಗೆಂದು ಓಡಿ ಬಂದರೇನು. ದೇಶ ಸಾಲದಲ್ಲಿ ಮುಳುಗಿದಾಗ ಹೆಂಗಸರು ಸಾಲಾಗಿ ನಿಂತು ಮದುವೆಯ ಉಂಗುರ ಬಿಚ್ಚಿ ಕೊಟ್ಟರು. ಅಂಥ ಜನಾಂಗದವನು ನೀನು, ನನಗೆ ಒಂದು ವಾರ ಬಿಟ್ಟುಕೊಡಲಾರೆಯಾ.

ಕ್ವಾನ್ ನೆಲ ನೋಡುತ್ತಿದ್ದ. "ಉಂಗುರ ಕೊಟ್ಟವರಲ್ಲಿ ನನ್ನ ತಾಯಿಯೂ ಇದ್ದರು ಸರ್" ಎಂದ. "ಈಗ ಮನೆಯಲ್ಲಿ ಒಬ್ಬರೇ ಇದ್ದಾರೆ."

ಅವರು ಮೇಜು ತಟ್ಟಿ ನನ್ನ ಕಡೆ ತಿರುಗಿದರು. "ನೋಡಿದ್ಯಾ? ನಾನು ಹೇಳಿದ್ನೋ ಇಲ್ವೋ? ಸುಳ್ಳಲ್ಲ ಮತ್ತೆ" ಎಂದರು. ಮುಖದಲ್ಲಿ ಕ್ವಿಜ್ ಗೆದ್ದವರ ಕಳೆ.

ಅವನು ಹೋದ ಮೇಲೆ ನಾನು, ಧೈರ್ಯ ಎನ್ನಲಾರೆ, ಎಲ್ಲಿಂದಲೋ ಬಿಕ್ಕಳಿಕೆ ಬಂದ ಹಾಗೆ, "ಸರ್, ನೀವೂ ಪ್ರತಿವರ್ಷ ನಿಮ್ಮ ತಂದೆಯವರ ತಿಥಿಗೆ ಶ್ರೀರಂಗಪಟ್ಟಣಕ್ಕೆ ಹೋಗ್ತೀರಲ್ಲ" ಅಂದೆ. ಅವರಿಗೆ ಕೋಪ ಬರಲಿಲ್ಲ. ಯೋಚನೆ ಬಂತು. ಕೋಪಕ್ಕಿಂತ ಅದು ಅಪಾಯ ಎಂದು ನನಗೆ ತಿಳಿದಿರಬೇಕಿತ್ತು. "ಅವನ ಸೆಂಟಿಮೆಂಟೂ ನೋಡ್ಕೊಳೋಣ ಬಿಡಪ್ಪ. ನನ್ನ ಹತ್ತಿರ ಒಂದು ಐಡಿಯಾ ಇದೆ. ಶನಿವಾರ ಅವನನ್ನ ನಮ್ಮನೆಗೆ ಊಟಕ್ಕೆ ಕರ್ಕೊಂಡು ಬಾ" ಎಂದರು.

ಇಲ್ಲಿ ನಮ್ಮ ಕೂಟದ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೊರದೇಶದಲ್ಲಿ ಹಬ್ಬದ ದಿನ ರಜೆಯಿರುವುದಿಲ್ಲವಾದ್ದರಿಂದ ನಾವು ಎಲ್ಲ ಹಬ್ಬಗಳನ್ನೂ ಅನುಕೂಲದ ಶನಿವಾರಕ್ಕೆ ಎಳೆದುಕೊಳ್ಳುತ್ತೇವೆ. ಯುಗಾದಿ ಶನಿವಾರ, ಗಣೇಶ ಶನಿವಾರ. ಸಂಕ್ರಾಂತಿಯನ್ನು ಕೂಡ ಸೂರ್ಯನನ್ನು ಕೇಳದೆ ಶನಿವಾರ ಮಾಡಿದ್ದೇವೆ. ಹಾಲ್ ಸಿಗುತ್ತದೆ, ಅಡುಗೆಯವರು ಸಿಗುತ್ತಾರೆ. ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ ನನಗೆ.

ಆ ಶನಿವಾರ ಸಂಜೆ ಕ್ವಾನ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ರುಂಡಾ ಬಡಾವಣೆಯ ಅವರ ಬಂಗಲೆಗೆ ಹೋದೆ. ಅವರ ಮನೆಯ ಕಿಮ್ಚಿಯ ವಾಸನೆ ತನಗಾಗದು ಎಂದು ಹೆಂಡತಿ ಮನೆಯಲ್ಲೇ ಉಳಿದಿದ್ದಳು. ಗೇಟಿನೊಳಗೆ ಕೂಟದವರ ಕಾರುಗಳೆಲ್ಲ ನಿಂತಿದ್ದವು. ಹಾಲಿನೊಳಗೆ ಕಾಲಿಟ್ಟರೆ ಎದುರು ಗೋಡೆಗೆ ಒಂದು ಉದ್ದ ಮೇಜು, ಅದರ ಮೇಲೆ ಚೆಂಡುಹೂವಿನ ಹಾರ ಹಾಕಿದ ಒಬ್ಬ ಮುದುಕರ ಫೋಟೋ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ. ಬೆಟ್ಟ ಹತ್ತುವವರ ಟೋಪಿ, ಬಿಸಿಲಿಗೆ ಕಿರಿದಾದ ಕಣ್ಣು. ಕ್ವಾನ್‌ನ ಫೋನಿನ ಪ್ರೊಫೈಲಿನಲ್ಲಿ ತಂದೆ ಮಗ ಇಬ್ಬರೂ ಇದ್ದ ಚಿತ್ರ ಅದು. ಮಗನನ್ನು ಕತ್ತರಿಸಿ ತೆಗೆದು ತಂದೆಯನ್ನಷ್ಟೇ ದೊಡ್ಡದು ಮಾಡಿಸಿದ್ದರು. ಸರಿಯಾಗಿ ಕತ್ತರಿಸಲಾಗದೆ ಮಗನ ಭುಜ ಅಂಚಿನಲ್ಲಿ ಉಳಿದುಹೋಗಿತ್ತು.

ಅವರು ಪಂಚೆಯ ಮೇಲೆ ಸೋಲ್ ವಿಮಾನ ನಿಲ್ದಾಣದಲ್ಲಿ ಕೊಂಡ ನೀಲಿ ರೇಷ್ಮೆಯ ಕೊರಿಯನ್ ಅಂಗಿ ತೊಟ್ಟಿದ್ದರು. ಅಂಥದ್ದನ್ನು ಅಲ್ಲಿ ಹಬ್ಬ ಮದುವೆಗಳಿಗೆ ಹಾಕುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಕೈಯಲ್ಲಿ ಮೈಕು. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ ಇಡಬೇಕು, ನಾನು ಫೋನಿನ ದಿಕ್ಸೂಚಿ ನೋಡಿಯೇ ಇಟ್ಟಿದ್ದೇನೆ ಎಂದು ಸಭೆಗೆ ಹೇಳುತ್ತಿದ್ದರು. ಅನ್ನದ ಬಟ್ಟಲಿನಲ್ಲಿ ಚಮಚ ನೆಟ್ಟಗೆ ಚುಚ್ಚಿತ್ತು, ಅದೂ ಸರಿಯೇ ಅಂತೆ. ಜನ ಫೋನು ಎತ್ತಿ ವಿಡಿಯೋ ತೆಗೆಯುತ್ತಿದ್ದರು. ಮೇಜಿನ ನಟ್ಟನಡುವೆ, ಫೋಟೋದ ಮೂಗಿನ ಕೆಳಗೆ, ಅವರ ಕೆಂಪು ಕಿಮ್ಚಿಯ ಗಾಜಿನ ಬೋಗುಣಿ ಇತ್ತು. ಪಕ್ಕದಲ್ಲಿ ಒಂದು ತಟ್ಟೆ ಪೀಚ್ ಹಣ್ಣು.

ನಾನು ಹತ್ತಿರ ಹೋಗಿ ಮೆಲ್ಲಗೆ, "ಸರ್, ಕೆಂಪು ಮೆಣಸಿನಕಾಯಿ ಇಡಬಾರದಂತೆ" ಅಂದೆ.

"ಯಾರು ಹೇಳಿದ್ದು?"

"ಕ್ವಾನೇ ಹೇಳಿದ್ದು ಸರ್."

"ಅವನಿಗೇನು ಗೊತ್ತು. ಈಗಿನ ಹುಡುಗರು" ಎಂದರು. "ಬೆಳ್ಳುಳ್ಳಿ ಹಾಕಿಲ್ಲ ಬಿಡಪ್ಪ, ಮಡಿಯಾಗೇ ಇದೆ."

ಕ್ವಾನ್ ಬಾಗಿಲ ಬಳಿ ನಿಂತೇ ಇದ್ದ. ಅವನ ಮುಖವನ್ನು ಬಣ್ಣಿಸಲು ನನಗೆ ಬರುವುದಿಲ್ಲ, ನಾನು ಸರಿಯಾಗಿ ನೋಡಲೂ ಇಲ್ಲ. ಅವರು ಮೈಕಿನಲ್ಲಿ ಅವನನ್ನು ಕರೆದು, ನಮ್ಮ ಈ ತಮ್ಮನಿಗೆ ಅಪ್ಪನ ತಿಥಿಗೆ ಊರಿಗೆ ಹೋಗಲಾಗಲಿಲ್ಲ, ಹಾಗಾಗಿ ಊರನ್ನೇ ಇಲ್ಲಿಗೆ ತಂದಿದ್ದೇವೆ ಎಂದು ಘೋಷಿಸಿದರು. ಹೋಗಲಾಗಲಿಲ್ಲ ಎಂದರೆ ಮಳೆಯೋ ಪ್ರವಾಹವೋ ಅಡ್ಡ ಬಂದ ಹಾಗೆ. ಅವನು ಬೂಟು ಬಿಚ್ಚಿ, ನಿಧಾನವಾಗಿ ಬಂದು, ಫೋಟೋದ ಮುಂದೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ತಾಗಿಸಿ ನಮಸ್ಕರಿಸಿದ. ಎದ್ದು, ಮತ್ತೊಮ್ಮೆ ಹಾಗೇ ಮಾಡಿದ. ಅಪ್ಪನ ಮುಖ ಎದುರಿಗಿದ್ದಾಗ ಇನ್ನೇನು ಮಾಡುತ್ತಾನೆ.

ಜನ ಚಪ್ಪಾಳೆ ತಟ್ಟಿದರು. ತಿಥಿಯ ಎಡೆಯ ಮುಂದೆ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಯಾರೋ "ಸೋ ಟಚಿಂಗ್" ಎಂದರು.

ಕ್ವಾನ್ ಎದ್ದು ಹಾರವನ್ನು ತೆಗೆದು ಮಡಿಸಿ ಮೇಜಿನ ಮೇಲಿಟ್ಟ. ಕರವಸ್ತ್ರದಿಂದ ಗಾಜಿನ ಕುಂಕುಮ ಒರೆಸಿದ. ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಶಾಂತವಾಗಿಯೇ ಹೇಳಿದ: "ಸರ್, ನನ್ನ ತಂದೆ ಊಟ ಮಾಡಲಿಲ್ಲ. ನಾನು ಅವರನ್ನು ಕರೆದುಕೊಂಡು ಹೋಗುತ್ತೇನೆ."

ಅವರು ಮೈಕಿನಲ್ಲೇ ನಕ್ಕು, "ಬಹಳ ಎಮೋಷನಲ್ ಜನ ಇವರು" ಎಂದು ಸಭೆಗೆ ವಿವರಿಸಿದರು. ನಾನು ಅವನ ಹಿಂದೆ ಹೊರಟೆ. ಹೊರಡುವಾಗಲೂ ಪರ್ಮಿಟ್ಟಿನ ಚಿಂತೆ, ಅವಸರದಲ್ಲಿ ಮೆಟ್ಟಿಕೊಂಡ ಚಪ್ಪಲಿ ನನ್ನದೇ ಹೌದೋ ಎಂಬ ಚಿಂತೆ. ಗೇಟಿನ ಹತ್ತಿರ ಕಾರಿನ ಕಿಟಕಿ ಇಳಿಸಿದಾಗ ಕಾವಲಿನ ಅಸ್ಕಾರಿ ಬಗ್ಗಿ ನೋಡಿದ. ಕ್ವಾನ್‌ನ ತೊಡೆಯ ಮೇಲಿನ ಫೋಟೋ ಕಂಡಿತು. ಟೋಪಿ ತೆಗೆದು, "ಪೋಲೆ ಸಾನಾ" ಎಂದು ಗೇಟು ತೆರೆದ. ಕಾಲೆಡವಿದವನಿಗೂ ಅಪ್ಪನನ್ನು ಕಳೆದುಕೊಂಡವನಿಗೂ ಇಲ್ಲಿಯವರು ಹೇಳುವ ಸಮಾಧಾನದ ಮಾತು ಅದು. ಆ ಸಂಜೆ ಆ ಬಂಗಲೆಯಲ್ಲಿ ಕ್ವಾನ್‌ಗೆ ಸಮಾಧಾನ ಹೇಳಿದವನು ಆ ಅಸ್ಕಾರಿಯೊಬ್ಬನೇ.

ಲಿಮುರು ರಸ್ತೆಗೆ ಬಂದ ಮೇಲೆ ಕ್ವಾನ್, ಶನಿವಾರ ಅಪ್ಪ ಮನೆಯಲ್ಲಿ ಸಿಗುತ್ತಿರಲಿಲ್ಲ, ಬೆಟ್ಟ ಹತ್ತಲು ಹೋಗುತ್ತಿದ್ದರು ಎಂದ. ಅಷ್ಟೇ. ನಮ್ಮ ಮನೆಯಲ್ಲಿ ಫೋಟೋವನ್ನು ದೇವರ ಗೂಡಿನ ಹತ್ತಿರ ಇಡೋಣವೇ ಎಂದು ನಾನು ಗಡಿಬಿಡಿ ಮಾಡಿದೆ. ನನ್ನ ಹೆಂಡತಿ ತಡೆದಳು. "ಸುಮ್ನಿರ್ರೀ. ತಿಥಿ ಬುಧವಾರ ತಾನೆ? ಇವತ್ತು ಬರೀ ಊಟ" ಎಂದು ಅವನಿಗೆ ಮೆಣಸಿನ ಸಾರು, ಅನ್ನ ಬಡಿಸಿದಳು. ಫೋಟೋ ಕುರ್ಚಿಯ ಮೇಲೆ ಗೋಡೆಗೆ ಒರಗಿ ಅತಿಥಿಯ ಹಾಗೆ ಕೂತಿತ್ತು.

ಸೋಮವಾರ ಕ್ವಾನ್ ಮತ್ತೆ ರಜೆ ಕೇಳಿದ. ನಾನೂ ಇದ್ದೆ, ಕರೆಸಿದ್ದರಲ್ಲ. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಶನಿವಾರ ಮಾಡಿ ಆಯಿತಲ್ಲ, ಇನ್ನೇನು ರಜೆ" ಎಂದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಷ್ಟು ಜನರನ್ನ ಕರೆಸಿ ಮಾಡಿದ್ದು ಮತ್ಯಾಕೆ? ಒಂದು ವಾರ ಉಳೀಲಿ ಅಂತಾನೇ ಅಲ್ವೇನಪ್ಪಾ" ಎಂದರು. ಆಗ ನನಗೆ ಶನಿವಾರದ ಹಾರ, ಮೈಕು, ದಿಕ್ಸೂಚಿ ಎಲ್ಲವೂ ಒಟ್ಟಿಗೆ ತಿಳಿಯಿತು. ಸೂರ್ಯ ಚಂದ್ರರನ್ನು ಕೂಟದ ಅನುಕೂಲಕ್ಕೆ ಎಳೆದುಕೊಂಡ ನಮ್ಮ ಭೋಳೆತನವಾಗಿದ್ದರೆ ಕ್ಷಮಿಸಬಹುದಿತ್ತು. ಇದು ಹಾಗಲ್ಲ. ಒಬ್ಬನ ಸತ್ತ ತಂದೆಗೆ ಊಟ ಬಡಿಸಿದ್ದು ಮಗನ ರಜೆ ತಿನ್ನುವುದಕ್ಕೆ.

ಕ್ವಾನ್ ಕೊರಳಿನ ಆಫೀಸ್ ಕಾರ್ಡನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಅವರ ಮುಂದೆ ಚಾಚಿದ. ಅವರು ಅಭ್ಯಾಸಬಲದಿಂದ ಎದ್ದು, ತಾವೂ ಬಗ್ಗಿ, ಎರಡೂ ಕೈಯಲ್ಲಿ ತೆಗೆದುಕೊಂಡರು. ತೆಗೆದುಕೊಂಡದ್ದು ಏನೆಂದು ಗೊತ್ತಾಗುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಗುತ್ತಿಗೆ ಮುರಿದದ್ದಕ್ಕೆ ಅವನು ಏನೇನು ಕಳೆದುಕೊಂಡನೋ ನನಗೆ ಹೇಳಲಿಲ್ಲ. ಮಧ್ಯಾಹ್ನ ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ಫೋಟೋವನ್ನು ಅಂಗಿಗಳ ನಡುವೆ ಸುತ್ತಿ ಕೈಚೀಲದಲ್ಲೇ ಇಟ್ಟುಕೊಂಡಿದ್ದ, ಸಾಮಾನಿಗೆ ಹಾಕಲಿಲ್ಲ. ಬುಧವಾರ ನಾನು ಆಫೀಸಿನಲ್ಲಿ ಒಂದು ಕೆಲಸವೂ ಮಾಡಲಿಲ್ಲ. ವಿಮಾನ ತಡವಾಯಿತೇ, ದೋಹಾದಲ್ಲಿ ಸಿಕ್ಕಿಕೊಂಡನೇ ಎಂದು ನನ್ನ ಉಪಕಸುಬಿನಲ್ಲೇ ಮುಳುಗಿದ್ದೆ. ಊಟದ ಹೊತ್ತಿಗೆ ಸಂದೇಶ ಬಂತು. "ಅಪ್ಪ ಊಟ ಮಾಡಿದರು" ಎಂದಿತ್ತು. ಹೆಂಡತಿಗೆ ಕಳಿಸಿದೆ. ಸಂಜೆ ಮನೆಗೆ ಹೋದರೆ ಮೆಣಸಿನ ಸಾರು ಮಾಡಿದ್ದಳು.

ಇಷ್ಟು ಆದ ಮೇಲೂ ಅವರು ಇನ್ನೂ ಒಂದಷ್ಟು ಕಾಲ ಯಜಮಾನರಾಗಿಯೇ ಇದ್ದರು, ನಾನು ಕೈಕೆಳಗಿನವನಾಗಿಯೇ ಇದ್ದೆ. ಬೀಳ್ಕೊಡುಗೆ ಶನಿವಾರ ನಡೆಯಿತು, ಇನ್ಯಾವಾಗ. ಭಾಷಣದಲ್ಲಿ ಅವರು ಮೊದಲು ರಾಜಕುಮಾರಿಯನ್ನು ಹಡಗು ಹತ್ತಿಸಿದರು. ಆಮೇಲೆ ಪರದೆಯ ಮೇಲೆ ನೀಲಿ ಅಂಗಿಯ ತಮ್ಮ ಫೋಟೋ ಹಾಕಿ, ಪರದೇಶದ ಹುಡುಗನೊಬ್ಬನ ತಂದೆಗೆ ತಾವು ಸ್ವಂತ ಖರ್ಚಿನಲ್ಲಿ ತಿಥಿ ಮಾಡಿದ ಕಥೆ ಹೇಳಿದರು. "ಅವನು ಎಷ್ಟು ಕರಗಿಹೋದ ಅಂದ್ರೆ, ಎರಡೇ ದಿನಕ್ಕೆ ಕೆಲಸ ಬಿಟ್ಟು ತಾಯಿ ಸೇವೆಗೆ ಹೊರಟುಹೋದ" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ನೀರು ನಿಜವಾಗಿಯೂ ಬಂದದ್ದು ಎಂದು ನನ್ನ ನಂಬಿಕೆ. ಅದಕ್ಕೇ ಹೆಚ್ಚು ಅಸಹ್ಯವಾಯಿತು. ಎಲ್ಲರ ಕೈಯಲ್ಲೂ ಸಂಚಿಕೆ ಇತ್ತು, ನನ್ನ ಎರಡು ಪುಟ ಅದರಲ್ಲಿದ್ದವು.

ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದರು. ಡ್ರಾಯರು ಖಾಲಿ ಮಾಡಿದೆ, ಇದು ನಿನಗೆ, ನನ್ನ ಇಷ್ಟು ವರ್ಷದ ಸಂಪಾದನೆ ಎಂದು ರಬ್ಬರ್ ಬ್ಯಾಂಡ್ ಹಾಕಿದ ವಿಸಿಟಿಂಗ್ ಕಾರ್ಡುಗಳ ದಪ್ಪ ಕಟ್ಟೊಂದನ್ನು ಎರಡೂ ಕೈಯಲ್ಲಿ ಕೊಟ್ಟರು. "ಕ್ವಾನ್‌ದೂ ಇದೆ ನೋಡು. ನಮ್ಮ ಮನುಷ್ಯ. ಏನಾದ್ರೂ ಬೇಕಾದ್ರೆ ನನ್ನ ಹೆಸರು ಹೇಳು." ನಾನು ಬೇಡವೆನ್ನಬೇಕಿತ್ತು. ರೂಢಿ ಮಾಡಿಸಿದ್ದರಲ್ಲ, ಬಗ್ಗಿ, ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಟ್ಟು ಸ್ವಲ್ಪ ಜಿಗುಟಾಗಿತ್ತು.

ಮನೆಗೆ ಬಂದು ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಕಾರ್ಡುಗಳನ್ನು ಬಿಡಿಸಿದೆ. ಪ್ರತಿಯೊಂದಕ್ಕೂ ಒಂದು ಮೂಲೆ ಮೆತ್ತಗಾಗಿ, ಹಳದಿ ಕಟ್ಟಿ, ನಾರು ನಾರಾಗಿ ಎದ್ದಿತ್ತು. ಕ್ವಾನ್‌ನ ಕಾರ್ಡು ಒಳ್ಳೆಯ ದಪ್ಪ ಕಾಗದದ್ದು. ಅದಕ್ಕೆ ಎರಡು ಮೂಲೆ ಹೋಗಿದ್ದವು.

ನನ್ನ ಹೆಂಡತಿ ಹಿಂದಿನಿಂದ ಬಂದು ಬಗ್ಗಿ ನೋಡಿದಳು. "ಏನ್ರೀ ಇದು? ನಿಮ್ಮ ಆಫೀಸಲ್ಲಿ ಇಲಿ ಇದೆಯಾ?"

"ಇತ್ತು. ರಿಟೈರ್ ಆಯ್ತು" ಎಂದೆ.

ಅವಳು ಕತ್ತರಿ ತಂದುಕೊಟ್ಟಳು. ಕ್ವಾನ್‌ನ ಕಾರ್ಡಿನ ಆ ಎರಡು ಮೂಲೆಗಳನ್ನು ಕತ್ತರಿಸಿದೆ. ಹೆಸರು ಉಳಿಯಿತು. ಮಿಕ್ಕದ್ದನ್ನೆಲ್ಲ ಪೇಪರಿನ ಸಮೇತ ಸುತ್ತಿ ಕಸಕ್ಕೆ ಹಾಕಿ, ಕೈ ತೊಳೆಯಲು ಸಿಂಕಿನ ಕಡೆ ಹೊರಟೆ.

"ಬರೀ ಕೈ ಸಾಲದು" ಎಂದಳು. "ತಲೆಗೆ ನೀರು ಹಾಕ್ಕೊಂಡು ಬನ್ನಿ."

ಗೀಸರ್ ಹಾಕಿದೆ. ನೀರು ಸುಡುವಷ್ಟು ಕಾಯುವವರೆಗೂ ಆರಿಸಲಿಲ್ಲ.